ವಾಲ್ಥಮ್‌ಸ್ಟೋದ ಮೆಟ್ಟಿಲ ಮೇಲೆ ಒಂದು ಸನ್ಮಾನ

ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಾನು ಮತ್ತು ಭಾವ ರೇನರ್ಸ್ ಲೇನಿನ ಮನೆಯಿಂದ ಹೊರಟೆವು. ಹೋಗಬೇಕಾದದ್ದು ಲಂಡನ್ನಿನ ಇನ್ನೊಂದು ಮಗ್ಗುಲು, ವಾಲ್ಥಮ್‌ಸ್ಟೋ, ಭಾವನ ಮೆಚ್ಚಿನ ಹಾಡುಗಾರರನ್ನು ಕೇಳಲು. ಬಿಸಿಲಿತ್ತು. ಆದರೆ ಅಲ್ಲಿನ ಬಿಸಿಲು ಕಣ್ಣಿಗೆ ಮಾತ್ರ. ಕೋಟಿನ ಗುಂಡಿ ಹಾಕಿಕೊಳ್ಳದೆ ಗೇಟು ದಾಟುವ ಹಾಗಿರಲಿಲ್ಲ. ನನ್ನ ಹೆಗಲ ಚೀಲದಲ್ಲಿ ಧಾರವಾಡದಿಂದ ತಂದಿದ್ದ ಜರಿ ಅಂಚಿನ ಶಾಲು, ಗಂಧದ ಚಕ್ಕೆಯ ಹಾರ, ಒಂದು ಕಿಲೋ ಪೇಢೆ ಇದ್ದವು.

ಅಕ್ಕ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಶನಿವಾರವೂ ಅವಳಿಗೆ ಕೆಲಸ. ಬಾಗಿಲಲ್ಲಿ ನಿಂತು ಭಾವನ ಮಫ್ಲರ್ ಸರಿ ಮಾಡಿದಳು. ನಾಲ್ಕು ತಿಂಗಳ ಹಿಂದೆ ಭಾವನಿಗೆ ಹೃದಯದ ಬೈಪಾಸ್ ಆಗಿತ್ತು. ಅಂದಿನಿಂದ ಪಾರ್ಕಿನವರೆಗೆ ನಡೆದು ಬರುವುದು ಬಿಟ್ಟರೆ ಇದೇ ಅವರ ಮೊದಲ ತಿರುಗಾಟ.

"ಸುಮಾ, ಇವರನ್ನ ನಿನ್ನ ಕೈಯಾಗ ಕೊಟ್ಟೀನಿ. ಹೆಂಗ ಕಳಿಸೇನಿ ಹಂಗ ವಾಪಸ್ ತಂದುಕೊಡು," ಎಂದಳು ಅಕ್ಕ.

"ನಾ ಏನ್ ಆಕಿ ಲೈಬ್ರರಿ ಪುಸ್ತಕೇನ?" ಎಂದರು ಭಾವ. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ.

"ಪುಸ್ತಕಾದ್ರ ಛಲೋ ಇತ್ತು. ಇಟ್ಟ ಜಾಗಾದಾಗ ಕೂಡ್ತಿತ್ತು."

ಸ್ಟೇಷನ್ನಿನಲ್ಲಿ ನಾನು ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದೆ. ಶನಿವಾರದ ದರ, ನಾಲ್ಕು ಪೌಂಡಿನೊಳಗೆ. ಭಾವ ತಮ್ಮ ಹಿರಿಯರ ಪಾಸನ್ನು ಗತ್ತಿನಿಂದ ತೋರಿಸಿ ಪುಕ್ಕಟೆ ಒಳಗೆ ಬಂದರು. ಮೆಟ್ರೋಪಾಲಿಟನ್ ರೈಲಿನಲ್ಲಿ ಕಿಂಗ್ಸ್ ಕ್ರಾಸ್‌ವರೆಗೆ ಮುಕ್ಕಾಲು ಗಂಟೆಯ ಹತ್ತಿರ. ಕಿಟಕಿಯಾಚೆ ಹಿತ್ತಿಲುಗಳು ಸಾಲಾಗಿ ಹಾದು ಹೋದವು: ಒಣಹಾಕಿದ ಬಟ್ಟೆ, ಮಕ್ಕಳ ಟ್ರ್ಯಾಂಪೊಲಿನ್, ಮೈತುಂಬ ಹೂ ಬಿಟ್ಟ ಚೆರ್ರಿ ಮರ.

ಭಾವ ಅರಿವಳಿಕೆ ತಜ್ಞರಾಗಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದವರು. ಈ ಹಾಡಿನ ಹುಚ್ಚು ಹಿಡಿದದ್ದು ಹೇಗೆ ಎಂದು ಕೇಳಿದೆ.

"ಮೊದಲನೇ ಚಳಿಗಾಲ ಅದು. ಆಸ್ಪತ್ರಿ ಕ್ವಾರ್ಟರ್ಸ್‌ನಾಗ ಒಬ್ಬನ ಇದ್ದೆ. ಊಟಾ ಸೇರ್ತಿದ್ದಿಲ್ಲ, ಮಾತಾಡಾಕ ಒಬ್ಬರಿದ್ದಿಲ್ಲ. ಪೇಶಂಟ್ ಸ್ಟ್ರೆಚರ್ ತಳ್ಳೋ ನಾಲ್ಕು ಮಂದಿ ಟೀ ಹೊತ್ತಿಗೆ ಹಿಂದಿನ ಮೆಟ್ಟಿಲದಾಗ ನಿಂತು ಹಾಡ್ತಿದ್ರು. ಬರೇ ಬಾಯಿಲೆ. ಕೇಳಿದ್ರ ನಮ್ಮ ತರಾನಾ ಕೇಳಿದಂಗ ಆತು ನೋಡವಾ."

ಇದು ಡೂ-ವಾಪ್ ಎಂಬ ಹಾಡಿಕೆ. ಅಮೆರಿಕದ ಶಹರಗಳ ಬೀದಿ ಮೂಲೆಗಳಲ್ಲಿ, ವಾದ್ಯ ಕೊಳ್ಳುವ ಗತಿ ಇಲ್ಲದ ಕಪ್ಪು ಹುಡುಗರು ಬರೀ ಕೊರಳಿನಿಂದ ಕಟ್ಟಿದ್ದು. ಒಬ್ಬ ಮೇಲಿನ ಸ್ವರದಲ್ಲಿ ಪ್ರೇಮದ ಹಾಡು ಹೇಳುತ್ತಾನೆ. ಇಬ್ಬರು ಅವನ ಬೆನ್ನಿಗೆ ನಿಲ್ಲುತ್ತಾರೆ. ಇನ್ನೊಬ್ಬ ತೀರಾ ಕೆಳಗಿನ ದನಿಯಲ್ಲಿ ಅರ್ಥವಿಲ್ಲದ ಅಕ್ಷರಗಳನ್ನು ತಾಳಕ್ಕೆ ಸರಿಯಾಗಿ ಉರುಳಿಸುತ್ತಾನೆ. ಧಾರವಾಡದಲ್ಲಿ ಹುಟ್ಟಿದವರಿಗೆ ಅರ್ಥವಿಲ್ಲದ ಅಕ್ಷರ ಹೊಸದಲ್ಲ. ನೋಂ ತೋಂ ತನನ ಕೇಳುತ್ತಲೇ ಬೆಳೆದವರು ನಾವು.

ನಾವು ಕೇಳಲು ಹೊರಟಿದ್ದ ನಾಲ್ವರ ಗುಂಪನ್ನು ಭಾವ ಇಪ್ಪತ್ತು ವರ್ಷದಿಂದ ಹಿಂಬಾಲಿಸಿದ್ದರು. ಅದರಲ್ಲಿ ಕೆಳದನಿಯ ಡೆಸ್ಮಂಡ್ ನಿವೃತ್ತ ಬಸ್ ಡ್ರೈವರ್. ಆತನಿಗೆ ಎಪ್ಪತ್ತು ತುಂಬಿತ್ತು. ಎಪ್ಪತ್ತು ತುಂಬಿದ ಹಾಡುಗಾರನಿಗೆ ಶಾಲು ಹೊದಿಸದೆ ಬಿಡುವುದು ಹೇಗೆ ಎಂಬುದು ಭಾವನ ವಾದ. ಆಸ್ಪತ್ರೆಯ ಹಾಸಿಗೆಯಿಂದಲೇ ಫೋನಿನಲ್ಲಿ ನನಗೆ ಶಾಲಿನ ಬಣ್ಣ ಹೇಳಿದ್ದರು.

ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಬದಲಿಸಿದೆವು. ನೆಲದಡಿಯ ಆ ಉದ್ದನೆಯ ದಾರಿಗಳಲ್ಲಿ ನಾನು ಭಾವನ ಉಸಿರನ್ನೇ ಕೇಳುತ್ತ ನಡೆದೆ. ಹನ್ನೆರಡೂವರೆಗೆ ವಾಲ್ಥಮ್‌ಸ್ಟೋ ತಲುಪಿದೆವು. ಸ್ಟೇಷನ್ನಿನ ಹತ್ತಿರವೇ ರಸ್ತೆಯುದ್ದಕ್ಕೂ ಸಂತೆ. ಬೋಗುಣಿಗೆ ಇಷ್ಟು ಎಂದು ಹಣ್ಣು ಮಾರುವವರು, ಪರದೆ ಬಟ್ಟೆಯವರು, ಬೆಂಡೆಕಾಯಿ ಮುರಿದು ನೋಡುತ್ತಿದ್ದ ಹೆಂಗಸರು. ಒಂದು ಸಣ್ಣ ಕೆಫೆಯಲ್ಲಿ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸ್ ಸುರಿದದ್ದು, ತಿಂದೆವು. ನಾನು ಚೀಲದಿಂದ ಶೇಂಗಾ ಚಟ್ನಿಯ ಪುಡಿ ತೆಗೆದಾಗ ಭಾವ ಆಚೀಚೆ ನೋಡಿ, "ನನಗೂ ಸ್ವಲ್ಪ ಉದುರ್ಸು. ನಿಮ್ಮ ಅಕ್ಕಗ ಹೇಳಬ್ಯಾಡ, ಉಪ್ಪು ಬಂದ್ ಮಾಡ್ಯಾಳ," ಎಂದರು.

ಹಾಡು ಇದ್ದದ್ದು ಹಳೆಯ ಒಂದು ಕ್ಲಬ್ಬಿನ ಕಟ್ಟಡದಲ್ಲಿ, ಎರಡನೆಯ ಮಹಡಿಯ ಸಭಾಂಗಣದಲ್ಲಿ. ಲಿಫ್ಟ್ ಇತ್ತು, ಭಾವನನ್ನು ಅದರಲ್ಲೇ ಕರೆದೊಯ್ದೆ. ಇನ್ನೂರು ಕುರ್ಚಿಗಳಿದ್ದಿರಬಹುದು, ಒಂದೂ ಖಾಲಿ ಇರಲಿಲ್ಲ. ಬಹುಪಾಲು ಅರವತ್ತು ದಾಟಿದವರು. ಗಂಡಸರು ಮೊಣಕಾಲಿನವರೆಗಿನ ಕೋಟು ತೊಟ್ಟು ಕೂದಲನ್ನು ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದರು. ಹೆಂಗಸರದು ಘೇರು ಲಂಗ. ಭಾವನನ್ನು ಕಂಡೊಡನೆ ನಾಲ್ಕೈದು ಜನ ಎದ್ದು ಬಂದರು. "ಡಾಕ್ಟರ್ ವ್ಹಾ! ಬದುಕಿದ್ದೀರಾ?" ಎಂದು ಒಬ್ಬ ಕೇಳಿದ. "ಹೊಸ ಪೈಪು ಹಾಕಿಸಿಕೊಂಡು ಬಂದಿದ್ದೇನೆ," ಎಂದರು ಭಾವ. ನನ್ನ ಪಕ್ಕದ ಮೊರೀನ್ ಎಂಬ ಹೆಂಗಸು ಆ ಹೆಸರಿನ ಗುಟ್ಟು ಹೇಳಿದಳು: "ನಾವೆಲ್ಲ ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟುತ್ತೇವೆ. ನಿಮ್ಮ ಭಾವ ನಡುವೆಯೇ ವ್ಹಾ ಅಂತ ಕೂಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅವರು ಬರದಿದ್ದರೆ ಹಾಡುಗಾರರೇ ಕೇಳುತ್ತಾರೆ."

ಎರಡೂವರೆಗೆ ಶುರುವಾಯಿತು. ನಾಲ್ವರೂ ನೇರಳೆ ಬಣ್ಣದ ಜಾಕೆಟ್ ತೊಟ್ಟಿದ್ದರು. ಮೇಲಿನ ದನಿಯ ರೇ ಎಂಬಾತ ಕಡ್ಡಿಯಂಥ ಮನುಷ್ಯ. ಕಣ್ಣು ಮುಚ್ಚಿ ದನಿಯನ್ನು ತೆಳ್ಳಗೆ ಎಳೆದನೆಂದರೆ ಎಲ್ಲಿ ಕಡಿದೀತೋ ಎಂದು ನಾವು ಕುರ್ಚಿಯ ತುದಿಗೆ ಬರಬೇಕು. ಆಗ ಕೆಳಗಿನಿಂದ ಡೆಸ್ಮಂಡ್ ತನ್ನ ಬಮ್ ಬಮ್ ಬಮ್ ಹಾಸುತ್ತಿದ್ದ. ಅದು ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತಿತ್ತು. ನಾನು ರೂಢಿಯಂತೆ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಮೊರೀನ್ ನನ್ನ ಕೈ ಹಿಡಿದು ನಿಲ್ಲಿಸಿದಳು. "ಒಂದನೆಯ ಪೆಟ್ಟಿಗಲ್ಲ, ಎರಡಕ್ಕೆ ಮತ್ತು ನಾಲ್ಕಕ್ಕೆ. ಒಂದನ್ನು ಅವರಿಗೆ ಬಿಡು." ಐವತ್ತೈದು ವರ್ಷ ತಾಳದ ಮೊದಲ ಪೆಟ್ಟಾದ ಸಮದ ಮೇಲೆ ತಟ್ಟಿದ ಕೈ ಅದು, ಮೂರು ಹಾಡು ಬೇಕಾಯಿತು ಬುದ್ಧಿ ಕಲಿಯಲು. ಡೆಸ್ಮಂಡ್ ಒಮ್ಮೆ ಮೆಟ್ಟಿಲಿಳಿದ ಹಾಗೆ ಒಂದೊಂದೇ ಸ್ವರ ಇಳಿಯುತ್ತ ಬಂದು, ಇನ್ನು ಕೆಳಗೆ ಜಾಗವಿಲ್ಲ ಎನ್ನುವಾಗ ಇನ್ನೊಂದು ಇಳಿದ. "ವ್ಹಾ!" ಎಂದರು ಭಾವ. ಡೆಸ್ಮಂಡ್ ಹಾಡುತ್ತಲೇ ಹುಬ್ಬೆತ್ತಿ ಕತ್ತಲಲ್ಲಿ ಅವರನ್ನು ಹುಡುಕಿದ.

ನಾಲ್ಕೂವರೆಗೆ ಮುಗಿಯಿತು, ಆದರೆ ಯಾರೂ ಮನೆಗೆ ಹೊರಡಲಿಲ್ಲ. "ನಿಜವಾದ ಕಚೇರಿ ಇನ್ನು ಮೇಲೆ," ಎಂದಳು ಮೊರೀನ್. ಮೈಕು ಬಿಟ್ಟು, ಕಟ್ಟಡದ ಹಿಂದಿನ ಕಲ್ಲಿನ ಮೆಟ್ಟಿಲ ಸುತ್ತಿನಲ್ಲಿ ನಿಂತು ಎರಡು ಮೂರು ಹಾಡು ಹೇಳುವುದು ಈ ಗುಂಪಿನ ಪದ್ಧತಿ. ಬೀದಿಯ ಹುಡುಗರು ದನಿ ಮಾರ್ದನಿಸುವ ಜಾಗ ಹುಡುಕುತ್ತಿದ್ದರಂತೆ, ಅದರ ನೆನಪಿಗೆ. ಅಭಿಮಾನಿಗಳು ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳಲ್ಲಿ ಒತ್ತಾಗಿ ನಿಂತರು. ಎರಡು ಮಹಡಿಗಳ ನಡುವೆ ಮೆಟ್ಟಿಲು ತಿರುಗುವ ಅಗಲ ಅಂಕಣದಲ್ಲಿ ನಾಲ್ವರು ಹಾಡಿದರು. ಗೋಡೆಗಳೂ ಅವರ ಜೊತೆ ಹಾಡಿದವು. ನನ್ನ ಮುಂದೆ ನಿಂತ ಮುದುಕನೊಬ್ಬ ಹೆಂಡತಿಯ ಹೆಗಲಿಗೆ ಗಲ್ಲ ಊರಿ ಅಳುತ್ತಿದ್ದ. ಆ ಹೊತ್ತು ನನಗೆ ಇನ್ನೇನೂ ಬೇಕೆನ್ನಿಸಲಿಲ್ಲ.

ಆಮೇಲೆ ಭಾವ ಮುಂದೆ ಹೋಗಿ ಸನ್ಮಾನದ ವಿಷಯ ಹೇಳಿದರು. ಎಲ್ಲರಿಗೂ ಖುಷಿ. ಸನ್ಮಾನಿತರು ಕೂತಿರಬೇಕು ಎಂದಾಗ ರೇ ಒಂದು ಕುರ್ಚಿ ತಂದ. ಡೆಸ್ಮಂಡ್ ಮದುಮಗನಂತೆ ಕೂತ. ಭಾವ ಹಾರ ಹಾಕಿದರು, ಪೇಢೆಯ ಡಬ್ಬಿ ಕೊಟ್ಟರು, ಕುರ್ಚಿಯ ಹಿಂದೆ ಹೋಗಿ ಶಾಲು ಹೊದಿಸಿ ಅದರ ಎರಡೂ ಸೆರಗನ್ನು ಕೊರಳ ಸುತ್ತ ತಂದು ಬೆನ್ನ ಹಿಂದೆ ಹಿಡಿದರು, ಜರಿ ಮುಂದೆ ಕಾಣಲಿ ಎಂದು. ಅವರ ಬೆನ್ನಿಗೆ ಮೆಟ್ಟಿಲ ಕಂಬಿಸಾಲು. ಸನ್ಮಾನವೆಂದ ಮೇಲೆ ಫೋಟೋ ಆಗಲೇಬೇಕಲ್ಲ? ನಾನು ಮೇಲಿನ ಮೆಟ್ಟಿಲಲ್ಲಿ ಫೋನ್ ಹಿಡಿದು ನಿಂತಿದ್ದೆ. ಚಿತ್ರದಲ್ಲಿ ಭಾವನ ತಲೆ ಅರ್ಧ ಕತ್ತರಿಸಿ ಹೋಗುತ್ತಿತ್ತು.

"ಭಾವಾ, ಸ್ವಲ್ಪ ಹಿಂದ ಸರೀರಿ," ಎಂದೆ.

ಅವರು ಶಾಲು ಬಿಡದೆ ಒಂದು ಹೆಜ್ಜೆ ಸರಿದರು. ಬೆನ್ನು ಕಂಬಿಗೆ ತಾಗಿತು. ಒಣಕಟ್ಟಿಗೆ ಮುರಿದ ಸದ್ದು. ಮೇಲಿನ ಮರದ ಹಿಡಿಕೆ ಗೋಡೆಯಿಂದ ಕಿತ್ತು ಬಂತು, ಕಂಬಿಗಳು ಬುಡದಲ್ಲಿ ಬಾಗಿ ಹೊರಕ್ಕೆ ವಾಲಿದವು, ಅವುಗಳ ಜೊತೆ ಭಾವನೂ. ಕೆಳಗೆ ಒಂದೂವರೆ ಮಹಡಿಯಷ್ಟು ಆಳ, ಕಲ್ಲು ನೆಲ, ಅದರ ಮೇಲೆ ಪೇರಿಸಿಟ್ಟ ಕಬ್ಬಿಣದ ಕುರ್ಚಿಗಳು. ಭಾವನ ಹಿಮ್ಮಡಿ ಮಾತ್ರ ಅಂಕಣದ ಅಂಚಿನಲ್ಲಿತ್ತು. ಕೈಯಲ್ಲಿ ಶಾಲು. ಶಾಲಿನ ಇನ್ನೊಂದು ತುದಿಯಲ್ಲಿ ಡೆಸ್ಮಂಡ್‌ನ ಕೊರಳು.

ನಾನು ಈಗಲೂ ಅದನ್ನು ಎಣಿಸುತ್ತೇನೆ. ನಾಲ್ಕು ಸೆಕೆಂಡ್, ಹೆಚ್ಚೆಂದರೆ ಐದು. ಡೆಸ್ಮಂಡ್ ಗದ್ದ ಎತ್ತಿ ಶಾಲನ್ನು ತಲೆಯ ಮೇಲಿಂದ ಜಾರಿಸಿಬಿಡಬಹುದಿತ್ತು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಅವನು ಎರಡೂ ಪಾದ ನೆಲಕ್ಕೆ ಊರಿ, ಗದ್ದವನ್ನು ಎದೆಗೆ ಒತ್ತಿ, ಆ ಭಾರೀ ಮೈಯನ್ನೆಲ್ಲ ಮುಂದಕ್ಕೆ ಬಾಗಿಸಿ ಕೂತುಬಿಟ್ಟ. ಮುಖ ಕಪ್ಪುಗಟ್ಟಿತು. ಅಷ್ಟರಲ್ಲಿ ರೇ ಹಾರಿ ಭಾವನ ಬೆಲ್ಟಿಗೆ ಕೈ ಹಾಕಿದ, ಇನ್ನಿಬ್ಬರು ತೋಳು ಹಿಡಿದರು, ಎಲ್ಲರೂ ಒಟ್ಟಾಗಿ ಒಳಕ್ಕೆ ಬಿದ್ದರು. ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಫೋನ್ ಹಾಗೇ ಹಿಡಿದಿದ್ದೆ. ಬೆರಳು ತಾನಾಗಿ ಒತ್ತಿದ ಒಂದು ಚಿತ್ರ ಅದರಲ್ಲಿದೆ. ಅಳಿಸಿಲ್ಲ, ತೆರೆದೂ ನೋಡಿಲ್ಲ.

ಭಾವ ನೆಲದ ಮೇಲೆ ಕೂತು ತಮ್ಮ ನಾಡಿಯನ್ನು ತಾವೇ ಹಿಡಿದರು. "ನೂರಾ ಹತ್ತು. ಇಷ್ಟು ಇರಬೇಕಾದದ್ದ," ಎಂದು ನನಗೆ ಹೇಳಿ, ತಕ್ಷಣ ಡೆಸ್ಮಂಡ್‌ನ ಕಡೆ ತೆವಳಿದರು. ಅವನ ಕೊರಳಲ್ಲಿ ಜರಿಯ ಗುರುತು ಕೆಂಪಗೆ ಮೂಡಿತ್ತು. ಭಾವ ಬೆರಳಿನಿಂದ ಅವನ ಗಂಟಲನ್ನು ಮೆಲ್ಲಗೆ ಒತ್ತಿ ನೋಡಿದರು, ಉಗುಳು ನುಂಗಲು ಹೇಳಿದರು, ಫೋನಿನ ದೀಪ ಹಿಡಿದು ಬಾಯೊಳಗೆ ನೋಡಿದರು. ಅರಿವಳಿಕೆ ಕೊಟ್ಟವರಿಗೆ ಉಸಿರಿನ ಕೊಳವೆ ಇಳಿಸುತ್ತ ಮೂವತ್ತು ವರ್ಷ ಅವರು ನೋಡಿದ್ದು ಗಂಟಲುಗಳನ್ನೇ. "ಏನಾದರೂ ಹೇಳು," ಎಂದರು. ಡೆಸ್ಮಂಡ್ ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ.

ಆಂಬುಲೆನ್ಸಿನವರು ಬಂದು ಇಬ್ಬರನ್ನೂ ಪರೀಕ್ಷಿಸಿದರು. ಭಾವನಿಗೆ ಏನೂ ಆಗಿರಲಿಲ್ಲ. ಡೆಸ್ಮಂಡ್‌ನನ್ನು ಆಸ್ಪತ್ರೆಗೆ ಕರೆದೊಯ್ದರು, ರೇ ಜೊತೆಗೆ ಹೋದ. ಕ್ಲಬ್ಬಿನ ಮ್ಯಾನೇಜರು ಬಿಳಿಚಿಕೊಂಡು ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿಸಿದ. ಮೊರೀನ್ ನನಗೆ ಮೂರು ಚಮಚ ಸಕ್ಕರೆ ಹಾಕಿದ ಚಹಾ ಕುಡಿಸಿದಳು. ಹೊರಡುವಾಗ ಡೆಸ್ಮಂಡ್ ಹಾರ ತೆಗೆಯಲು ಒಪ್ಪಲಿಲ್ಲ. ಗಂಧದ ಹಾರದಲ್ಲೇ ಆಂಬುಲೆನ್ಸ್ ಹತ್ತಿ, ಪೇಢೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಮಗೆ ಕೈ ಬೀಸಿದ.

ವಾಪಸಿನ ರೈಲಿನಲ್ಲಿ ಭಾವ ಕಿಟಕಿಯ ಪಕ್ಕ ಕೂತರು. ಫಿಂಚ್ಲಿ ರೋಡ್ ದಾಟಿ ರೈಲು ನೆಲದ ಮೇಲಿನ ಬೆಳಕಿಗೆ ಬಂದಾಗ ಒಮ್ಮೆ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಬಿಡಬೇಕಿತ್ತು ನಾ. ಕೈ ಬಿಡಲಿಲ್ಲ."

"ಬಿಟ್ಟಿದ್ರ ನೀವ ಇರ್ತಿದ್ದಿಲ್ಲ, ಭಾವಾ."

"ಶಾಲು ಹೊದಸಾಕ ಹೋಗಿ ಆ ದನೀನ ಹಿಚುಕಿ ಬಂದೆನಲ್ಲವಾ."

ಹಿಂದೆ ಸರಿಯಿರಿ ಎಂದವಳು ನಾನು.

ಎಂಟು ಗಂಟೆಗೆ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಕ್ಕ ಒಂದೇ ನೋಟಕ್ಕೆ ಏನೋ ಆಗಿದೆ ಎಂದು ಹಿಡಿದಳು. ಭಾವ ಕಥೆ ಹೇಳಿದರು. ತಾವಾಗಿಯೇ ಕಂಬಿಗೆ ಒರಗಿದೆ ಎಂದರು. ನಾನು ತಡೆದೆ. "ಇಲ್ಲಕ್ಕಾ. ಫೋಟೋಕ್ಕ ಹಿಂದ ಸರೀರಿ ಅಂತ ಹೇಳಿದಾಕಿ ನಾನ."

"ಇಬ್ಬರೂ ಕೈಕಾಲು ತೊಳಕೋರಿ," ಎಂದಳು ಅಕ್ಕ. ಊಟಕ್ಕೆ ಬಡಿಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು: "ಆ ಮನಿಶ್ಯಾನ ಕುತಿಗಿಗೆ ಏನ್ ಹಚ್ಯಾರ?"

ಮರುದಿನ ರೇ ಫೋನ್ ಮಾಡಿದ. ಮೂಳೆ ಮುರಿದಿಲ್ಲ, ಒಳಗೆ ಊತವಿದೆ, ಎಂಟು ದಿನ ಪಿಸುಮಾತೂ ಆಡಬಾರದು. ಆಮೇಲೆ ಹಳೆಯ ದನಿ ಬಂದರೆ ಬಂತು ಎಂದಿದ್ದರಂತೆ ವೈದ್ಯರು.

ಆ ಎಂಟು ದಿನ ರೇನರ್ಸ್ ಲೇನಿನ ಮನೆಯಲ್ಲೂ ಸದ್ದಿರಲಿಲ್ಲ. ಮುಂಜಾನೆ ಗಡ್ಡ ಹೆರೆಯುವಾಗ ಬಮ್ ಬಮ್ ಎನ್ನುತ್ತಿದ್ದ ಭಾವ ಬಾಯಿ ಬಿಡಲಿಲ್ಲ. ಮೂವತ್ತು ವರ್ಷದಿಂದ ಆ ಹಾಡುಗಳನ್ನು ಗದ್ದಲ ಎಂದು ಬಯ್ಯುತ್ತ ಬಂದ ಅಕ್ಕ, ಐದನೆಯ ದಿನ ತಾನೇ ಒಂದು ಡಿಸ್ಕ್ ಹಾಕಲು ಹೋದಳು. ಭಾವ ಬೇಡವೆಂದು ಕೈಯಾಡಿಸಿದರು. ನಾನು ಪಕ್ಕದ ಪಿನ್ನರ್‌ವರೆಗೆ ನಡೆಯುವುದು, ಬರುವುದು, ಮಹಡಿಯ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದು, ಇಷ್ಟೇ ಮಾಡಿಕೊಂಡಿದ್ದೆ. ಧಾರವಾಡಕ್ಕೆ ಬಂದ ಮೇಲೂ ಲೈಬ್ರರಿಯಲ್ಲಿ ಗೋಡೆಯ ಕಡೆಯೇ ನಡೆಯುತ್ತೇನೆ.

ಒಂಬತ್ತನೆಯ ದಿನ ಸೋಮವಾರ. ಮಾರನೆಯ ದಿನ ನನ್ನ ವಿಮಾನ. ಮಧ್ಯಾಹ್ನ ಅಕ್ಕ ಊಟಕ್ಕೆ ಮನೆಗೆ ಬಂದಿದ್ದಾಗ ಭಾವನ ಫೋನ್ ಮೊಳಗಿತು. ಡೆಸ್ಮಂಡ್‌ನ ಹೆಸರು. ಭಾವ ಫೋನನ್ನು ನೋಡಿದರೇ ಹೊರತು ಎತ್ತಲಿಲ್ಲ. ಅಕ್ಕ ಎತ್ತಿ ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಳು.

"ನಾನು ಡಾಕ್ಟರ ಹೆಂಡತಿ. ಫಾರ್ಮಸಿಸ್ಟ್," ಎಂದಳು ಅಂಗಡಿಯ ಇಂಗ್ಲಿಷಿನಲ್ಲಿ. "ನುಂಗುವಾಗ ನೋವಿದೆಯೇ?"

"ಇಲ್ಲ, ಮೇಡಂ." ಮಾತು ಒರಟಾಗಿತ್ತು, ಆದರೆ ದನಿಯಿತ್ತು. "ಪೇಢೆ ಎಲ್ಲ ನುಂಗಿಯಾಯಿತು."

"ತುಂಬಾ ಕೆಳಗಿನ ಸ್ವರ?"

"ಡಾಕ್ಟರ್ ಅಲ್ಲಿದ್ದಾರಾ? ಅವರು ಕೇಳಲಿ ಅಂತ ಇನ್ನೂ ಪರೀಕ್ಷೆ ಮಾಡಿಲ್ಲ."

ಆಚೆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಮ್, ಎಂದ. ದನಿ ಸ್ವಲ್ಪ ಸೀಳಿತು. ಬಮ್ ಬಮ್. ಒಂದು ಇಳಿದ, ಇನ್ನೊಂದು ಇಳಿದ. ಮೇಜಿನ ಮೇಲಿನ ಸ್ಟೀಲಿನ ಲೋಟ ಸಣ್ಣಗೆ ಝೇಂಕರಿಸಿತು. ಅವನು ತೀರಾ ಕೆಳಗಿನ ಸ್ವರಕ್ಕೆ ಬಂದು ಅಲ್ಲೇ ನಿಂತ. ವ್ಹಾ ಎನ್ನಬೇಕಿದ್ದ ಭಾವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದರು.

ಅಕ್ಕ ಫೋನನ್ನು ತನ್ನ ಹತ್ತಿರ ಎಳೆದುಕೊಂಡು, ಮುಖ ಬಾಗಿಸಿ ಹೇಳಿದಳು:

"ಇನ್ನೊಂದು ಸಲ."